ದಸ್ತಗಿರಿಯ ದಫ್ತರ

ನಮ್ಮ ಪೊಲೀಸ್ ಠಾಣೆಗಳ ಕನ್ನಡದಲ್ಲಿ ಇಂದಿಗೂ ಬಾಳಿಕೊಂಡು ಬಂದಿರುವ ಹಳೆಯ ಮಾತುಗಳಲ್ಲಿ ‘ದಸ್ತಗಿರಿ’ ಎಂಬುದೊಂದು. ಪಾರಸಿಯಲ್ಲಿ ‘ದಸ್ತ್’ ಎಂದರೆ ಕೈ. ‘ಗೀರ್’ ಎಂದರೆ ಹಿಡಿಯುವವನು. ಅದೇ ಮಾತು ಬೇರೊಂದು ದಾರಿಯಲ್ಲಿ ನಡೆದು, ಆಪತ್ತಿನಲ್ಲಿ ಕೈಹಿಡಿದು ಕಾಪಾಡುವವನು ಎಂಬ ಅರ್ಥವನ್ನೂ ಪಡೆಯಿತು. ಬಾಗ್ದಾದಿನ ಸಂತ ಅಬ್ದುಲ್ ಖಾದಿರ್ ಜೀಲಾನಿಯವರನ್ನು ಭಕ್ತರು ದಸ್ತಗೀರ್ ಎಂದು ಕರೆದರು; ಆ ಹೆಸರು ಹೊತ್ತ ದಸ್ತಗೀರ್ ಸಾಹೇಬರು ನಮ್ಮ ಹಳ್ಳಿಹಳ್ಳಿಗಳಲ್ಲಿಯೂ ಇದ್ದಾರೆ. ನಮ್ಮ ‘ಕೈಹಿಡಿ’ ಎಂಬ ಮಾತು ಮದುವೆಗೂ ಸಹಾಯಕ್ಕೂ ನಿಂತಿತು. ‘ಕೈಸೆರೆ’ ಎಂಬುದು ಸೋತವನ ಪಾಲಿಗಾಯಿತು. ಹಿಡಿದ ಕೈ ಯಾವುದು, ಹಿಡಿದದ್ದು ಯಾವಾಗ, ಯಾತಕ್ಕಾಗಿ ಎಂಬುದು ತಿಳಿಯದ ಹೊರತು ಈ ಮಾತಿನ ಅರ್ಥ ನಿರ್ಧಾರವಾಗುವುದಿಲ್ಲ. ಅದನ್ನು ತಿಳಿಸಬೇಕಾದದ್ದು ದಫ್ತರ.

ಒಬ್ಬ ಮನುಷ್ಯನನ್ನು ಸರಕಾರ ಹಿಡಿದುಕೊಂಡು ಹೋದರೆ ಆ ಸಂಗತಿಯನ್ನು ಎಲ್ಲಿ ಬರೆದಿಡುತ್ತಾರೆ? ಬರೆದದ್ದನ್ನು ನೋಡುವ ಅಧಿಕಾರ ಯಾರಿಗುಂಟು? ನೋಡಿದವನು ಅದನ್ನು ಹೇಗೆ ಓದಬೇಕು? ಈ ಪ್ರಶ್ನೆಗಳು ವಕೀಲರಿಗೆ ಮಾತ್ರ ಸೇರಿದವೆಂದು ನಾವು ಭಾವಿಸಿದ್ದೇವೆ. ಆದರೆ ಇವುಗಳಿಗೆ ನಮ್ಮ ಊರಿನಲ್ಲಿಯೇ ಒಂದು ದೀರ್ಘವಾದ ಚರಿತ್ರೆಯಿದೆ.

ಬೆಂಗಳೂರೆಂಬ ಹೆಸರು ಮೊದಲು ಕಾಣಿಸಿಕೊಳ್ಳುವುದು ಬೇಗೂರಿನ ಒಂದು ಶಾಸನದಲ್ಲಿ. ಸುಮಾರು ಕ್ರಿ.ಶ. ೮೯೦ರದೆಂದು ಹೇಳುವ ಆ ವೀರಗಲ್ಲು ಬೆಂಗಳೂರಿನ ಕಾಳಗದಲ್ಲಿ ಮಡಿದವನ ಸ್ಮಾರಕ. ಇಂದಿನ ಎಲೆಕ್ಟ್ರಾನಿಕ್ ಸಿಟಿಗೆ ಹೋಗುವವರು ಹೊಸೂರು ರಸ್ತೆಯಿಂದ ಕೊಂಚ ಪಶ್ಚಿಮಕ್ಕೆ ತಿರುಗಿದರೆ ಬೇಗೂರು ಸಿಗುತ್ತದೆ. ಸತ್ತವನ ಹೆಸರನ್ನು ನಮ್ಮ ಹಿರಿಯರು ಕಲ್ಲಿನಲ್ಲಿ ಕಡೆದಿಟ್ಟರು. ಅದೇ ಕಾಳಗದಲ್ಲಿ ಸೆರೆಸಿಕ್ಕವರಿದ್ದರೆ ಅವರ ಹೆಸರು ಮಾತ್ರ ನಮಗೆ ಬಂದಿಲ್ಲ. ಸತ್ತವನಿಗೆ ಕಲ್ಲು, ಸಿಕ್ಕವನಿಗೆ ಮೌನ. ಸಾವಿರ ವರ್ಷ ಹೆಚ್ಚುಕಡಮೆ ಇದೇ ನಡೆಯಿತು.

ಕಬ್ಬನ್ ಸಾಹೇಬರು ಕಮಿಷನರಾಗಿದ್ದ ಕಾಲದಲ್ಲಿ (೧೮೩೪–೧೮೬೧) ಮೈಸೂರು ಸೀಮೆಯಲ್ಲಿ ಪೊಲೀಸ್ ಕೆಲಸವೆಂಬುದು ಬಹುಮಟ್ಟಿಗೆ ಕಂದಾಚಾರದ ಜವಾನರದು. ತಾಲ್ಲೂಕಿನಲ್ಲಿ ಅವರ ಮೇಲಿನವನು ಅಮಲ್ದಾರ. ಕಂದಾಯ ವಸೂಲು ಮಾಡುವ ಕೈಯೇ ಕಳ್ಳನನ್ನೂ ಹಿಡಿಯುತ್ತಿತ್ತು. (ಆ ದಳ ಹೋಯಿತು; ಹೆಸರು ಮಾತ್ರ ಅರ್ಥವಿಲ್ಲದ ಸಂಪ್ರದಾಯಕ್ಕೆ ಅಂಟಿಕೊಂಡು ಉಳಿಯಿತು. ಭಾಷೆಯೂ ಒಮ್ಮೊಮ್ಮೆ ಸೇಡು ತೀರಿಸಿಕೊಳ್ಳುತ್ತದೆ.) ಬೌರಿಂಗ್ ಸಾಹೇಬರ ಆಡಳಿತದಲ್ಲಿ, ೧೮೬೦ರ ದಶಕದಲ್ಲಿ, ಬ್ರಿಟಿಷ್ ಇಂಡಿಯಾದ ಹೊಸ ಪೊಲೀಸ್ ಪದ್ಧತಿಯೂ ದಂಡ ಪ್ರಕ್ರಿಯೆಯ ಕ್ರಮವೂ ಇಲ್ಲಿಗೆ ಬಂದವು. ಬೆಂಗಳೂರಿನ ಸೆಂಟ್ರಲ್ ಜೈಲು ಎದ್ದದ್ದೂ ಆಗಲೇ.

೧೮೬೧ರ ಪೊಲೀಸ್ ಕಾಯಿದೆಯ ೪೪ನೆಯ ಕಲಮು ಓದಬೇಕಾದದ್ದು. ಪ್ರತಿಯೊಂದು ಠಾಣೆಯ ಅಧಿಕಾರಿಯೂ ಒಂದು ದಿನಚರಿ ಇಡತಕ್ಕದ್ದು. ಬಂದ ದೂರುಗಳು, ದಸ್ತಗಿರಿಯಾದ ಎಲ್ಲರ ಹೆಸರುಗಳು, ಫಿರ್ಯಾದಿಗಳ ಹೆಸರು, ಹೊರಿಸಿದ ಅಪರಾಧ, ಹಿಡಿದವರಿಂದ ವಶಪಡಿಸಿಕೊಂಡ ಆಯುಧ ಅಥವಾ ಸ್ವತ್ತು, ಸಾಕ್ಷಿಗಳ ಹೆಸರು ಇವೆಲ್ಲವನ್ನೂ ಅದರಲ್ಲಿ ಬರೆಯತಕ್ಕದ್ದು. ಮ್ಯಾಜಿಸ್ಟ್ರೇಟನು ಬೇಕೆಂದಾಗ ಅದನ್ನು ತರಿಸಿ ನೋಡಬಹುದು ಎಂದು ಅದು ವಿಧಿಸುತ್ತದೆ. ಅದೇ ವರ್ಷದ ದಂಡ ಪ್ರಕ್ರಿಯಾ ಸಂಹಿತೆ, ಹಿಡಿದವನನ್ನು ಇಪ್ಪತ್ತನಾಲ್ಕು ಗಂಟೆಗಿಂತ ಹೆಚ್ಚು ಕಾಲ ಠಾಣೆಯಲ್ಲಿಟ್ಟುಕೊಳ್ಳಬಾರದೆಂದಿತು. ಇದು ಪ್ರಜೆಗಳ ಮೇಲಿನ ಕರುಣೆಯಿಂದ ಬಂದ ವಿಧಿಯೆಂದು ನನಗೆ ತೋರುವುದಿಲ್ಲ. ಪರಕೀಯ ಸರಕಾರಕ್ಕೆ ತನ್ನ ಪೊಲೀಸಿನವನಲ್ಲಿಯೇ ನಂಬಿಕೆ ಇರಲಿಲ್ಲ; ಆ ಅಪನಂಬಿಕೆಯೇ ದಫ್ತರದ ತಾಯಿ. ಹೇಗೆ ಬಂದರೇನು, ಬಂದದ್ದು ದೊಡ್ಡ ವಸ್ತು. ಸೆರೆಸಿಕ್ಕವನ ಹೆಸರಿಗೂ ಒಂದು ಸಾಲು ದೊರೆಯಿತು. ಆದರೆ ಆ ಸಾಲನ್ನು ಓದುವವನು ಮೇಲಧಿಕಾರಿಯೇ ಹೊರತು ಹೊರಗೆ ನಿಂತಿದ್ದ ಹೆಂಡತಿಯಲ್ಲ.

ಹಳೆಯ ದಾಖಲೆ ಹುಡುಕುವವರು ಇನ್ನೊಂದು ಮಾತು ನೆನಪಿಡಬೇಕು. ೧೯೪೭ರ ಜುಲೈ ತಿಂಗಳವರೆಗೆ ಬೆಂಗಳೂರು ಎರಡು ಊರು. ಪೇಟೆ ಮಹಾರಾಜರ ಸರಕಾರದ್ದು. ದಂಡು ಪ್ರದೇಶ ಬ್ರಿಟಿಷ್ ರೆಸಿಡೆಂಟರ ಆಡಳಿತದ್ದು. ಒಂದರ ಪುಸ್ತಕದಲ್ಲಿಲ್ಲದ ಹೆಸರು ಇನ್ನೊಂದರಲ್ಲಿ ಇರಬಹುದು. ಅಜ್ಜನ ಊರು ಧಾರವಾಡವಾದರೆ ಕಾಗದ ಮುಂಬಯಿ ಪದ್ಧತಿಯದು, ಬಳ್ಳಾರಿಯಾದರೆ ಮದರಾಸಿನದು, ಕಲಬುರ್ಗಿಯಾದರೆ ಹೈದರಾಬಾದಿನದು. ಈ ಎಲ್ಲ ಭಾಗಗಳಿಗೂ ಒಂದೇ ಪೊಲೀಸ್ ಕಾಯಿದೆಯಾದದ್ದು ೧೯೬೩ರಲ್ಲಿ. ಬೆಂಗಳೂರಿಗೆ ಪೊಲೀಸ್ ಕಮಿಷನರ್ ಬಂದದ್ದೂ ಅದೇ ವರ್ಷ.

ಈ ದಫ್ತರದ ಮರ್ಯಾದೆಯನ್ನು ತಲೆಕೆಳಗು ಮಾಡಿದ್ದು ಸ್ವಾತಂತ್ರ್ಯದ ಚಳವಳಿ. ೧೯೩೮ರ ಏಪ್ರಿಲಿನಲ್ಲಿ ಶಿವಪುರದಲ್ಲಿ ಧ್ವಜ ಹಾರಿಸಲು ಹೋದವರು ತಾವಾಗಿಯೇ ಕೈ ನೀಡಿದರು. ೧೯೪೨ರಲ್ಲಿ ಬೆಂಗಳೂರಿನ ಸೆಂಟ್ರಲ್ ಜೈಲು ವಿದ್ಯಾರ್ಥಿಗಳನ್ನೂ ಕಂಡಿತು. ಈಸೂರಿನ ಐವರು ಅಲ್ಲಿಯೇ ೧೯೪೩ರ ಮಾರ್ಚಿನಲ್ಲಿ ಗಲ್ಲಿಗೇರಿದರು. ಇನ್ನು ೧೯೪೭ರ ಸಂಗತಿಯಂತೂ ನಾಟಕದವರೂ ಕಲ್ಪಿಸಿಕೊಳ್ಳಲಾರದಂಥದು. ದೇಶ ಆಗಸ್ಟ್ ೧೫ರಂದು ಸ್ವತಂತ್ರವಾಯಿತು. ಮೈಸೂರು ಸಂಸ್ಥಾನದಲ್ಲಿ ಜವಾಬ್ದಾರಿ ಸರಕಾರ ಬರಲಿಲ್ಲ. ಸೆಪ್ಟೆಂಬರ್ ಮೊದಲಲ್ಲಿ ‘ಮೈಸೂರು ಚಲೋ’ ಆರಂಭವಾಯಿತು, ಕೆ. ಸಿ. ರೆಡ್ಡಿಯವರ ದಸ್ತಗಿರಿಯಾಯಿತು. ಅಕ್ಟೋಬರ್ ೧೨ರಂದು ಒಪ್ಪಂದ. ಅಕ್ಟೋಬರ್ ಮುಗಿಯುವಷ್ಟರಲ್ಲಿ ಅದೇ ರೆಡ್ಡಿಯವರು ಮೈಸೂರಿನ ಮೊದಲ ಮುಖ್ಯಮಂತ್ರಿ. ಎರಡು ತಿಂಗಳ ಹಿಂದೆ ಅವರ ಹೆಸರನ್ನು ಬಂಧಿತರ ಸಾಲಿನಲ್ಲಿ ಬರೆದ ಇಲಾಖೆ ಈಗ ಅವರಿಗೆ ಸಲಾಮು ಹೊಡೆಯಿತು. ದಫ್ತರದಲ್ಲಿ ಒಂದಕ್ಷರವೂ ಬದಲಾಗಿರಲಿಲ್ಲ.

೧೯೭೨ರ ಆಗಸ್ಟ್ ೧೫ರಿಂದ ಕೇಂದ್ರ ಸರಕಾರ ಸ್ವಾತಂತ್ರ್ಯ ಹೋರಾಟಗಾರರಿಗೆ ಪಿಂಚಣಿ ಕೊಡತೊಡಗಿತು. ಆರು ತಿಂಗಳಾದರೂ ಜೈಲಿನಲ್ಲಿದ್ದಿರಬೇಕು. ಹೆಂಗಸರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಮೂರು ತಿಂಗಳು ಸಾಕು. ಹಳೆಯ ಕೈದಿಗಳು ತಾವು ಕೈದಿಗಳಾಗಿದ್ದೆವೆಂದು ತೋರಿಸಲು ಜೈಲಿನ ಬಾಗಿಲಿಗೆ ಅರ್ಜಿ ಹಿಡಿದು ಹೋಗಬೇಕಾಯಿತು. ದಾಖಲೆ ಗೆದ್ದಲು ಹಿಡಿದಿದ್ದರೆ, ಸಿಗಲಿಲ್ಲವೆಂಬುದಕ್ಕೇ ಒಂದು ಪ್ರಮಾಣಪತ್ರ. ಅದರ ಜೊತೆಗೆ ಒಡನೆ ಸೆರೆಯಲ್ಲಿದ್ದವರ ಸಾಕ್ಷ್ಯ. ಭೂಗತರಾಗಿದ್ದವರ ಪಾಡು ಇನ್ನೂ ಕಷ್ಟ: ಸಿಕ್ಕಿಬೀಳದ ಜಾಣತನವೇ ಅವರಿಗೆ ಮುಳುವಾಯಿತು. ತಮ್ಮನ್ನು ತಲೆಮರೆಸಿಕೊಂಡವರೆಂದು ಸರಕಾರ ಘೋಷಿಸಿದ್ದ ಕಾಗದವನ್ನು ಅವರು ಹುಡುಕಿ ತರಬೇಕಾಯಿತು.

ಹಳೆಯ ಕಥೆ ಎಂದು ಕೈಬಿಡುವಂತಿಲ್ಲ. ೧೯೪೨ರ ಚಳವಳಿಯಲ್ಲಿ ಬೆಂಗಳೂರಿನ ಸೆಂಟ್ರಲ್ ಜೈಲು ಕಂಡಿದ್ದ, ತುರ್ತು ಪರಿಸ್ಥಿತಿಯಲ್ಲಿ ಮತ್ತೆ ಬಂಧಿತರಾಗಿದ್ದ ಎಚ್. ಎಸ್. ದೊರೆಸ್ವಾಮಿಯವರನ್ನು, ಅವರು ನೂರು ದಾಟಿದ ಮೇಲೆ, ೨೦೨೦ರಲ್ಲಿ, ನಿಜವಾಗಿ ಹೋರಾಟಗಾರರೇ ಎಂದು ರಾಜಕೀಯದ ವೇದಿಕೆಯಿಂದ ಕೇಳಲಾಯಿತು. ಆಗ ಪತ್ರಿಕೆಗಳಲ್ಲಿ ಉತ್ತರವಾಗಿ ಬಂದದ್ದು ಭಾಷಣವಲ್ಲ. ೧೯೭೧ರಲ್ಲಿ ಜೈಲಿನ ಅಧಿಕಾರಿಗಳು ಪುಸ್ತಕ ನೋಡಿ ಬರೆದುಕೊಟ್ಟಿದ್ದ ಒಂದು ಹಾಳೆ. ಯಾರೋ ಗುಮಾಸ್ತ ಎಂಟು ದಶಕದ ಹಿಂದೆ ಬೇಸರದಿಂದ ಬರೆದಿರಬಹುದಾದ ಸಾಲು ಒಬ್ಬ ವೃದ್ಧರ ಮಾನ ಕಾಯಿತು.

ದಾಖಲೆಯನ್ನು ಓದುವ ಬಗೆ ಕಲಿಯಲು ತುರ್ತು ಪರಿಸ್ಥಿತಿಗಿಂತ ಒಳ್ಳೆಯ ಪಾಠಶಾಲೆಯಿಲ್ಲ. ೧೯೭೫ರ ಜೂನ್ ೨೬ರಂದು, ಸಂಸದೀಯ ಸಮಿತಿಯ ಕೆಲಸಕ್ಕಾಗಿ ಬೆಂಗಳೂರಿಗೆ ಬಂದಿದ್ದ ವಾಜಪೇಯಿ, ಅಡ್ವಾಣಿ, ಮಧು ದಂಡವತೆ ಮೊದಲಾದವರನ್ನು ಹಿಡಿದು ಸೆಂಟ್ರಲ್ ಜೈಲಿಗೆ ಕಳುಹಿಸಲಾಯಿತು. ಅಪರಾಧವಿಲ್ಲ, ದೂರಿಲ್ಲ; ‘ಮೀಸಾ’ ಕಾಯಿದೆಯ ಒಂದು ಆಜ್ಞೆ. ಮೂರೇ ದಿನದಲ್ಲಿ ಬಂದ ಸುಗ್ರೀವಾಜ್ಞೆಯೊಂದು, ಹಿಡಿದ ಕಾರಣವನ್ನು ಹಿಡಿಸಿಕೊಂಡವನಿಗೂ ತಿಳಿಸಬೇಕಾಗಿಲ್ಲವೆಂದಿತು. ದೇಶದಲ್ಲಿ ಹೀಗೆ ಮೀಸಾ ಮತ್ತು ಭಾರತ ರಕ್ಷಣಾ ನಿಯಮಗಳಲ್ಲಿ ಸೆರೆಯಾದವರ ಲೆಕ್ಕವನ್ನು ಆಮೇಲೆ ಶಾ ಆಯೋಗ ೧,೧೦,೮೦೬ ಎಂದು ಎಣಿಸಿತು.

‘ಸಂಸ್ಕಾರ’ ಚಿತ್ರದಲ್ಲಿ ಅಭಿನಯಿಸಿದ್ದ ಸ್ನೇಹಲತಾ ರೆಡ್ಡಿಯವರನ್ನು ೧೯೭೬ರ ಮೇ ತಿಂಗಳಿನಲ್ಲಿ ಬರೋಡಾ ಡೈನಮೈಟ್ ಮೊಕದ್ದಮೆಯ ಸಂಬಂಧದಲ್ಲಿ ಹಿಡಿದರು. ಆ ಮೊಕದ್ದಮೆಯ ದೋಷಾರೋಪಣ ಪಟ್ಟಿ ಕೋರ್ಟಿಗೆ ಬಂದಾಗ ಅದರಲ್ಲಿ ಅವರ ಹೆಸರಿರಲಿಲ್ಲ. ಆದರೂ ಬಿಡಲಿಲ್ಲ, ಮೀಸಾದ ಕೆಳಗೆ ಬೆಂಗಳೂರಿನ ಜೈಲಿನಲ್ಲಿಯೇ ಇಟ್ಟುಕೊಂಡರು. ಆಸ್ತಮಾ ಉಲ್ಬಣಿಸಿ ೧೯೭೭ರ ಜನವರಿಯಲ್ಲಿ ಪೆರೋಲಿನ ಮೇಲೆ ಹೊರಬಂದರು; ಅದೇ ಜನವರಿ ೨೦ರಂದು ತೀರಿಕೊಂಡರು. ದಸ್ತಗಿರಿ ಬೇರೆ, ಆರೋಪಣೆ ಬೇರೆ, ಮುಂಜಾಗ್ರತೆಯ ಬಂಧನ ಬೇರೆ. ಮೊದಲನೆಯ ಕಾಗದವನ್ನು ಮಾತ್ರ ನೋಡಿದವನು ಅವರನ್ನು ಡೈನಮೈಟಿನ ಆರೋಪಿಯೆಂದು ತಿಳಿಯುತ್ತಾನೆ. ಎರಡನೆಯದನ್ನೂ ನೋಡಿದವನು ಬೆಚ್ಚುತ್ತಾನೆ.

ಆ ಜೈಲು ಈಗ ಫ್ರೀಡಂ ಪಾರ್ಕು, ೨೦೦೮ರಲ್ಲಿ ತೆರೆಯಿತು. ಕೈದಿಗಳು ಅದಕ್ಕೂ ಮೊದಲೇ ಪರಪ್ಪನ ಅಗ್ರಹಾರಕ್ಕೆ ಹೋಗಿದ್ದರು. ಜೈಲು ಹೋದ ದಿಕ್ಕಿನಲ್ಲಿಯೇ ಊರೂ ಬೆಳೆದಿತ್ತೆನ್ನಬಹುದು. ೧೮೮೨ರಲ್ಲಿ ಡಿ. ಎಸ್. ವೈಟ್ ಅವರ ಯತ್ನದಿಂದ ಆಂಗ್ಲೋ-ಇಂಡಿಯನ್ನರ ಒಕ್ಕಲು ಊರಾಗಿ ಹುಟ್ಟಿದ ವೈಟ್‌ಫೀಲ್ಡು, ೧೯೭೦ರ ದಶಕದ ಪೀಣ್ಯ, ಕಿಯೋನಿಕ್ಸ್ ಸಂಸ್ಥೆ ೧೯೭೮ರಲ್ಲಿ ೩೩೨ ಎಕರೆಯಲ್ಲಿ ಮೊದಲುಮಾಡಿದ ಎಲೆಕ್ಟ್ರಾನಿಕ್ ಸಿಟಿ, ಇವು ಮೂರೂ ಇಂದು ಹೊರನಾಡಿನ ದುಡಿಮೆಗಾರರಿಂದ ತುಂಬಿವೆ. ಒಡಿಶಾದವನಿರಲಿ, ರಾಯಚೂರಿನವನಿರಲಿ, ಹಿಡಿದುಕೊಂಡು ಹೋದರೆಂದರೆ ಹುಡುಕಿ ಬರುವ ಅಣ್ಣತಮ್ಮಂದಿರು ಹತ್ತಿರವಿಲ್ಲ.

೨೦೧೬ರ ಏಪ್ರಿಲ್ ೧೮ ಮತ್ತು ೧೯ ನೆನಪಿರಬಹುದು. ಭವಿಷ್ಯನಿಧಿಯಲ್ಲಿ ಮಾಲೀಕರು ಕಟ್ಟಿದ ಪಾಲನ್ನು ೫೮ ವರ್ಷ ತುಂಬುವ ತನಕ ತೆಗೆಯಬಾರದೆಂಬ ಹೊಸ ನಿಯಮದ ವಿರುದ್ಧ ಗಾರ್ಮೆಂಟ್ ಕಾರ್ಖಾನೆಗಳ ಹೆಣ್ಣುಮಕ್ಕಳು ಬೊಮ್ಮನಹಳ್ಳಿಯಲ್ಲಿ ಹೊಸೂರು ರಸ್ತೆಗಿಳಿದರು. ಮರುದಿನ ಅದು ಪೀಣ್ಯ, ಜಾಲಹಳ್ಳಿ ಕ್ರಾಸಿಗೂ ಹಬ್ಬಿತು. ಹೆಬ್ಬಗೋಡಿಯಲ್ಲಿ ಪೊಲೀಸ್ ಠಾಣೆಯ ಮೇಲೆಯೇ ದಾಳಿಯಾಗಿ ವಾಹನಗಳು ಉರಿದವು. ಸರಕಾರ ನಿಯಮವನ್ನು ಆ ಸಂಜೆಯೇ ಹಿಂತೆಗೆದುಕೊಂಡಿತು. ಬೇಡಿಕೆ ಗೆದ್ದಿತು, ಸಿಕ್ಕಿಬಿದ್ದವರು ಮಾತ್ರ ಸಿಕ್ಕಿಬಿದ್ದಿದ್ದರು. ಅವರನ್ನು ಹುಡುಕಿ ಹೊರಟವರ ತೊಡಕನ್ನು ಊಹಿಸಿಕೊಳ್ಳಿ. ಎಲೆಕ್ಟ್ರಾನಿಕ್ ಸಿಟಿಯ ಠಾಣೆ ಆಗ ನಗರದ ಕಮಿಷನರಿಗೆ ಸೇರಿದ್ದು. ಅದೇ ರಸ್ತೆಯಲ್ಲಿ ತುಸು ಮುಂದಿರುವ ಹೆಬ್ಬಗೋಡಿಯ ಠಾಣೆ ಗ್ರಾಮಾಂತರ ಜಿಲ್ಲೆಯ ಪೊಲೀಸಿನದು, ಅದರ ಕೋರ್ಟು ಆನೇಕಲ್ಲಿನಲ್ಲಿ. ನಗರದ ಕಂಟ್ರೋಲ್ ರೂಮಿನಲ್ಲಿ ವಿಚಾರಿಸಿದವನಿಗೆ ‘ಇಲ್ಲ’ ಎಂಬ ಉತ್ತರವೇ ಸತ್ಯವಾದ ಉತ್ತರ. ದಾಖಲೆ ಹುಡುಕುವವನು ಹೆಸರಿಗಿಂತ ಮೊದಲು ಸರಹದ್ದನ್ನು ತಿಳಿಯಬೇಕು. ಸರಹದ್ದುಗಳು ಆಗಾಗ್ಗೆ ಬದಲಾಗುವುದರಿಂದ ಘಟನೆ ನಡೆದ ದಿನದ ಸರಹದ್ದನ್ನು ತಿಳಿಯಬೇಕು.

ಠಾಣೆಯ ಹೊರಗೆ ನಿಂತವರಿಗೂ ಉತ್ತರ ಕೊಡಬೇಕೆಂಬ ನಿಯಮ ಹುಟ್ಟಿದ್ದು ಒಂದು ಕಾಗದದಿಂದ. ಪಶ್ಚಿಮ ಬಂಗಾಳದ ಕಾನೂನು ನೆರವು ಸಂಸ್ಥೆಯ ಡಿ. ಕೆ. ಬಸು ಅವರು ಲಾಕಪ್ಪಿನ ಸಾವುಗಳ ಸುದ್ದಿಯನ್ನು ಪತ್ರಿಕೆಯಲ್ಲಿ ಓದಿ, ೧೯೮೬ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟಿಗೆ ಬರೆದರು. ಹತ್ತು ವರ್ಷದ ಮೇಲೆ, ೧೯೯೬ರ ಡಿಸೆಂಬರಿನಲ್ಲಿ, ತೀರ್ಪು ಬಂತು. ದಸ್ತಗಿರಿಯ ಹೊತ್ತಿಗೇ ಒಂದು ಮೆಮೊ ಬರೆಯಬೇಕು. ಅದರಲ್ಲಿ ದಿನ ಮತ್ತು ಗಳಿಗೆ ಇರಬೇಕು. ಮನೆಯವರೋ ಊರಿನ ಗೌರವಸ್ಥರೋ ಒಬ್ಬರಾದರೂ ಸಾಕ್ಷಿ ಹಾಕಬೇಕು. ಹಿಡಿಸಿಕೊಂಡವನ ಸಹಿಯೂ ಇರಬೇಕು. ಹನ್ನೆರಡು ಗಂಟೆಯೊಳಗೆ ಕಂಟ್ರೋಲ್ ರೂಮಿಗೆ ತಿಳಿಸಿ ಫಲಕದ ಮೇಲೆ ಹಾಕಬೇಕು. ೨೦೧೦ರಲ್ಲಿ ಜಾರಿಗೆ ಬಂದ ತಿದ್ದುಪಡಿ, ಬಂಧಿತರ ಹೆಸರು ವಿಳಾಸಗಳನ್ನೂ ಹಿಡಿದ ಅಧಿಕಾರಿಯ ಹೆಸರನ್ನೂ ಜಿಲ್ಲೆಯ ಕಂಟ್ರೋಲ್ ರೂಮಿನ ಹೊರಗೆ ಪ್ರಕಟಿಸಬೇಕೆಂದು ಕಾಯಿದೆಯಲ್ಲಿಯೇ ಬರೆಯಿತು. ೨೦೨೪ರ ಜುಲೈ ೧ರಿಂದ ನಡೆಯುತ್ತಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ೩೭ನೆಯ ಕಲಮಿನಂತೆ ಪ್ರತಿ ಠಾಣೆಯಲ್ಲಿಯೂ ಇದಕ್ಕೆಂದೇ ಒಬ್ಬ ಅಧಿಕಾರಿ ಇರಬೇಕು. ಅವರು ಸಹಾಯಕ ಸಬ್ ಇನ್‌ಸ್ಪೆಕ್ಟರಿಗಿಂತ ಕೆಳಗಿನವರಾಗಿರಬಾರದು. ಆ ಫಲಕ ಠಾಣೆಯಲ್ಲಿ ಎಲ್ಲಿದೆಯೆಂದು ಕೇಳಲು ನಮಗೆ ಹಕ್ಕಿದೆ. ಕೇಳುವವರು ವಿರಳ, ಫಲಕವೂ ಕೆಲವೆಡೆ ಬೀರುವಿನ ಹಿಂದೆ.

ಪ್ರಥಮ ವರ್ತಮಾನ ವರದಿಯ ಮಾತು ಸುಲಭ. ೨೦೧೬ರ ಸೆಪ್ಟೆಂಬರಿನ ಸುಪ್ರೀಂ ಕೋರ್ಟ್ ಆದೇಶದಂತೆ, ಲೈಂಗಿಕ ಅಪರಾಧ ಮೊದಲಾದ ನಾಜೂಕಿನ ಮೊಕದ್ದಮೆಗಳನ್ನು ಬಿಟ್ಟು, ಅದು ಸಾಮಾನ್ಯವಾಗಿ ಇಪ್ಪತ್ತನಾಲ್ಕು ಗಂಟೆಯೊಳಗೆ ಪೊಲೀಸರ ಜಾಲತಾಣಕ್ಕೆ ಬರಬೇಕು. ಅಲ್ಲಿ ಹುಡುಕುವವರಿಗೆ ಠಾಣೆಯ ಹೆಸರು, ಮೊಕದ್ದಮೆ ಸಂಖ್ಯೆ, ವರ್ಷ ಈ ಮೂರು ಬೇಕು. ಸಂಖ್ಯೆ ಪ್ರತಿ ಜನವರಿಯಲ್ಲಿ ಮತ್ತೆ ಒಂದರಿಂದ ಶುರುವಾಗುತ್ತದೆ. ಹೆಸರನ್ನು ನೆಚ್ಚಬಾರದು. ಬಿಹಾರದ ಹುಡುಗನ ಹೆಸರನ್ನು ನಮ್ಮ ಬರಹಗಾರ ಕಿವಿಗೆ ಬಿದ್ದಂತೆ ಬರೆಯುತ್ತಾನೆ; ಸುಭಾಷ್ ಸುಬಾಸನಾಗುತ್ತಾನೆ. ‘ಬಿನ್’ ಎಂದರೆ ಇಂಥವರ ಮಗ, ‘ಕೋಂ’ ಎಂದರೆ ಇಂಥವರ ಹೆಂಡತಿ. ಅರಬ್ಬಿಯ ‘ಬಿನ್’ ಪೀಣ್ಯದ ತಿಮ್ಮಯ್ಯನನ್ನೂ ಅವನ ತಂದೆಗೆ ಕಟ್ಟಿಹಾಕಿದೆ.

ವರದಿಯಲ್ಲಿ ಹೆಸರಿದ್ದಮಾತ್ರಕ್ಕೆ ಬಂಧನವಾಗಿದೆಯೆಂದಲ್ಲ. ಹೆಸರಿಲ್ಲದಮಾತ್ರಕ್ಕೆ ಬಂಧನವಾಗಿಲ್ಲವೆಂದೂ ಅಲ್ಲ. ‘ಇತರರು’ ಎಂಬ ಒಂದೇ ಪದದೊಳಗೆ ಒಂದು ಕಾರ್ಖಾನೆಯೇ ಅಡಗಬಹುದು. ಗಲಭೆಯಾಗಬಹುದೆಂಬ ಅನುಮಾನದ ಮೇಲೆ ಮುಂಜಾಗ್ರತೆಗಾಗಿ ಹಿಡಿದವರಿಗೆ ವರ್ತಮಾನ ವರದಿಯೇ ಇಲ್ಲದಿರಬಹುದು; ಅವರ ಕಾಗದ ಠಾಣೆಯ ದಿನಚರಿಯಲ್ಲಿ, ಮುಚ್ಚಳಿಕೆ ಬರೆಸಿಕೊಳ್ಳುವ ಕಾರ್ಯನಿರ್ವಾಹಕ ಮ್ಯಾಜಿಸ್ಟ್ರೇಟರ ಕಡತದಲ್ಲಿ. ಉಳಿದವರನ್ನು ಇಪ್ಪತ್ತನಾಲ್ಕು ಗಂಟೆಯೊಳಗೆ, ಪ್ರಯಾಣದ ಹೊತ್ತು ಬಿಟ್ಟು, ಮ್ಯಾಜಿಸ್ಟ್ರೇಟರ ಮುಂದೆ ತರಲೇಬೇಕು. ಠಾಣೆಯಲ್ಲಿ ಉತ್ತರ ಸಿಗದಿದ್ದರೆ ಮರುದಿನ ಆ ಸರಹದ್ದಿನ ಕೋರ್ಟಿನ ಬಾಗಿಲಲ್ಲಿ ನಿಲ್ಲುವುದೇ ಹಳಬರು ಕಂಡುಕೊಂಡ ದಾರಿ. ಅಲ್ಲಿ ರಿಮ್ಯಾಂಡ್ ಅರ್ಜಿಯಿರುತ್ತದೆ. ಯಾವ ಕಲಮು, ಯಾವ ಜೈಲು ಎಂಬುದು ಅದರಿಂದ ತಿಳಿಯುತ್ತದೆ. ಜೀವ ಅಥವಾ ಸ್ವಾತಂತ್ರ್ಯಕ್ಕೆ ಸಂಬಂಧಿಸಿದ ಮಾಹಿತಿಯನ್ನು ೨೦೦೫ರ ಮಾಹಿತಿ ಹಕ್ಕು ಕಾಯಿದೆಯಂತೆ ನಲವತ್ತೆಂಟು ಗಂಟೆಯೊಳಗೆ ಕೊಡಬೇಕು. ಅದಕ್ಕೂ ಮೀರಿದರೆ ಹೈಕೋರ್ಟಿನಲ್ಲಿ ಹೇಬಿಯಸ್ ಕಾರ್ಪಸ್ ಅರ್ಜಿ.

ಮುಂದೆ ಠಾಣೆಯ ಸಂಖ್ಯೆ ಹೋಗಿ ಕೋರ್ಟಿನ ಸಿ.ಸಿ. ಸಂಖ್ಯೆಯೋ ಸೆಷನ್ಸ್ ಸಂಖ್ಯೆಯೋ ಬರುತ್ತದೆ. ಒಂದೇ ಮೊಕದ್ದಮೆಗೆ ಎರಡು ಹೆಸರು; ಮೊದಲನೆಯದನ್ನು ಮಾತ್ರ ಬಲ್ಲವನಿಗೆ ಅಂತ್ಯ ತಿಳಿಯುವುದಿಲ್ಲ. ದೂರು ಸುಳ್ಳೋ ತಪ್ಪು ತಿಳಿವಳಿಕೆಯದೋ ಎಂದು ಪೊಲೀಸರೇ ಮುಗಿಸಿದರೆ ಅದು ‘ಬಿ’ ವರದಿ. ಅಪರಾಧಿ ಪತ್ತೆಯಾಗದಿದ್ದರೆ ‘ಸಿ’ ವರದಿ. ಈ ಒಂದಕ್ಷರ ಕಣ್ಣಿಗೆ ಬೀಳದೆ ಒಬ್ಬನ ಹೆಸರು ಕೆಟ್ಟಿರುವುದುಂಟು.

ಏಕೆಂದರೆ ದಫ್ತರಕ್ಕೆ ಈಗ ಹೊಸ ಓದುಗರು ಬಂದಿದ್ದಾರೆ. ಐ.ಟಿ. ಕಂಪನಿಯ ಗೇಟು ಕಾಯುವ ಕೆಲಸಕ್ಕೂ, ಒಳಗೆ ಕಂಪ್ಯೂಟರಿನ ಮುಂದೆ ಕೂರುವ ಕೆಲಸಕ್ಕೂ ಪೂರ್ವಾಪರ ವಿಚಾರಣೆ ನಡೆಯುತ್ತದೆ. ಹೆಸರು ಎಲ್ಲಿಯಾದರೂ ಬಂದಿದೆಯೆ? ಬಂದಿದೆ. ಅಷ್ಟೇ ಸಾಕು, ಬಿಡುಗಡೆಯ ತೀರ್ಪನ್ನು ಯಾರು ಓದುತ್ತಾರೆ! ನಮ್ಮ ಮನಸ್ಸಿಗೆ ಈ ಚಾಳಿ ಹಳೆಯದು. ಹುಟ್ಟಿನಿಂದಲೇ ಕೆಲವು ಪಂಗಡಗಳನ್ನು ಅಪರಾಧಿಗಳೆಂದು ಪುಸ್ತಕದಲ್ಲಿ ಬರೆದಿಟ್ಟ ೧೮೭೧ರ ಕಾಯಿದೆಯ ಪರಂಪರೆ ೧೯೫೨ರ ತನಕ ಬಾಳಿತು. ೧೯೬೧ರಲ್ಲಿ ನಮ್ಮ ರಾಜ್ಯ ರೂಢಿಗತ ಅಪರಾಧಿಗಳ ಕಾಯಿದೆ ಮಾಡಿತು. ರೌಡಿ ಪಟ್ಟಿಯಂತೂ ಮನೆಮಾತು. ಅಮೆರಿಕದ ಹಲವು ಕೌಂಟಿಗಳಲ್ಲಿ ಬಂಧಿತರ ಹೆಸರು, ಭಾವಚಿತ್ರ ಎಲ್ಲವೂ ಸಾರ್ವಜನಿಕ. ಅವುಗಳನ್ನು ಅಚ್ಚುಹಾಕಿ, ತೆಗೆಯಲು ಹಣ ಕೇಳುವ ವ್ಯಾಪಾರವೇ ಅಲ್ಲಿ ಹುಟ್ಟಿ, ಕೆಲವು ರಾಜ್ಯಗಳು ಅದನ್ನು ತಡೆಯಬೇಕಾಯಿತು. ಇಂಗ್ಲೆಂಡಿನ ಪೊಲೀಸರು ಆರೋಪ ಹೊರಿಸುವ ತನಕ ಸಾಮಾನ್ಯವಾಗಿ ಹೆಸರು ಹೇಳುವುದಿಲ್ಲ.

ನಾವು ಯಾವ ಕಡೆ? ನಮ್ಮ ಕೋರ್ಟುಗಳು ಎರಡು ಕಡೆಗೂ ಒಂದೊಂದು ಕೈ ಚಾಚಿವೆ. ೧೯೭೬ರ ಏಪ್ರಿಲಿನಲ್ಲಿ ಸುಪ್ರೀಂ ಕೋರ್ಟು, ತುರ್ತು ಪರಿಸ್ಥಿತಿಯಲ್ಲಿ ಬಂಧಿತನು ಹೇಬಿಯಸ್ ಕಾರ್ಪಸ್ ಕೇಳುವಂತಿಲ್ಲವೆಂದಿತ್ತು. ಆ ತೀರ್ಪನ್ನು ತಳ್ಳಿಹಾಕಿದ್ದು ೨೦೧೭ರ ಆಗಸ್ಟಿನಲ್ಲಿ, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು ಹೂಡಿದ್ದ ಮೊಕದ್ದಮೆಯಲ್ಲಿ; ಖಾಸಗಿತನ ಮೂಲಭೂತ ಹಕ್ಕೆಂದು ಸಾರಿದ್ದೂ ಅದೇ ತೀರ್ಪು. ಯಾರನ್ನೂ ಗುಟ್ಟಾಗಿ ನುಂಗಬಾರದು. ಯಾರ ಹೆಸರನ್ನೂ ಕಾರಣವಿಲ್ಲದೆ ಡಂಗುರ ಹೊಡೆಯಬಾರದು. ಅದೇ ವರ್ಷದ ಜನವರಿಯಲ್ಲಿ ಕರ್ನಾಟಕ ಹೈಕೋರ್ಟು, ಒಬ್ಬ ತಂದೆಯ ಅರ್ಜಿಯ ಮೇಲೆ, ರಾಜಿಯಾಗಿ ಮುಗಿದಿದ್ದ ಮೊಕದ್ದಮೆಯೊಂದರ ಆದೇಶದಲ್ಲಿದ್ದ ಮಗಳ ಹೆಸರು ಅಂತರ್ಜಾಲದ ಹುಡುಕಾಟಕ್ಕೆ ಸಿಗದಂತೆ ಮಾಡಲು ಹೇಳಿತು. ಆದರೆ ದೃಢೀಕೃತ ಪ್ರತಿ ಕೇಳಿದವರಿಗ ಅದರಲ್ಲಿ ಹೆಸರು ಇರತಕ್ಕದ್ದೆಂದೂ ಹೇಳಿತು. ನನಗೆ ಈ ವಿವೇಕ ಮೆಚ್ಚುಗೆಯಾಗುತ್ತದೆ. ಹಿಡಿದ ದಿನ ಹೆಸರು ಫಲಕದ ಮೇಲಿರಬೇಕು. ಬಿಟ್ಟ ಮೇಲೆ ಅದು ಬೀದಿಯಲ್ಲಿ ಅಲೆಯಬಾರದು, ದಫ್ತರದಲ್ಲಿ ಅಳಿಯಲೂಬಾರದು. ಅಳಿಸಿದ್ದರೆ ದೊರೆಸ್ವಾಮಿಯವರ ಕೈಯಲ್ಲಿ ಏನಿರುತ್ತಿತ್ತು?

ಹಳೆಯ ಕಾಗದಗಳಿಗೆ ವಿಧಾನಸೌಧದ ಬಳಿಯ ರಾಜ್ಯ ಪತ್ರಾಗಾರವುಂಟು. ಮೈಸೂರು ಸರಕಾರದ ವಾರ್ಷಿಕ ಆಡಳಿತ ವರದಿಗಳೂ ಉಂಟು. ಇತ್ತೀಚಿನದಕ್ಕೆ ಕೋರ್ಟಿನ ಪ್ರತಿ ವಿಭಾಗ. ಮೊಕದ್ದಮೆಯಿಂದ ಬಿಡುಗಡೆಯಾದವರು ತೀರ್ಪಿನ ದೃಢೀಕೃತ ಪ್ರತಿಗೆ ಅಂದೇ ಅರ್ಜಿ ಹಾಕುವುದು ಲೇಸು. ಕಡತ ದಾಖಲೆ ಕೋಣೆಗೆ ಹೋದ ಮೇಲೆ ತಡವಾಗುತ್ತದೆ. ಅರ್ಜಿಯಲ್ಲಿ ಸಿ.ಸಿ. ಸಂಖ್ಯೆಯ ಜೊತೆಗೆ ಠಾಣೆಯ ಮೊಕದ್ದಮೆ ಸಂಖ್ಯೆಯನ್ನೂ ನಮೂದಿಸಿಕೊಳ್ಳಬೇಕು, ಎರಡೂ ಒಂದೇ ಎಂದು ಮುಂದೆ ಯಾರಿಗಾದರೂ ತೋರಿಸಬೇಕಾಗಬಹುದು. ಪ್ರತಿಯ ಕೊನೆಯ ಪುಟದಲ್ಲಿ ಅರ್ಜಿ ಬಂದ ದಿನ, ಪ್ರತಿ ಸಿದ್ಧವಾದ ದಿನ, ಕೊಟ್ಟ ದಿನ ಮೂರನ್ನೂ ಬರೆದು ಮೊಹರು ಒತ್ತಿಕೊಡುತ್ತಾರೆ.